ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆ ಮತ್ತು ನಮ್ಮ ಗಡಿಯ ಮಕ್ಕಳು

ನಮ್ಮ ತಾಳವಾಡಿ ಸೀಮೆಯಲ್ಲಿ ಮಗು ಚೆನ್ನಾಗಿ ಓದುತ್ತದೆ ಎಂದರೆ ಡಾಕ್ಟರೋ ಇಂಜಿನಿಯರೋ ಆಗಲಿ ಎನ್ನುತ್ತೇವೆ. ಎದುರುತ್ತರ ಕೊಡುವ ಮಗುವನ್ನು ಕಂಡರೆ ಮಾತ್ರ, "ಇವನು ಲಾಯರ್ ಆಗ್ತಾನೆ ಕಣಪ್ಪ" ಎಂದು ನಗುತ್ತೇವೆ. ಹೊಗಳಿಕೆಯೋ ಬೈಗುಳವೋ ಹೇಳಿದವರಿಗೇ ಗೊತ್ತಿರುವುದಿಲ್ಲ. ಆದರೆ ಈ ಬೆಟ್ಟದ ಮೇಲಿನ ಬದುಕನ್ನು ಕಳೆದ ಮೂವತ್ತು ವರ್ಷಗಳಲ್ಲಿ ಅಲುಗಾಡಿಸಿದ್ದು ಬರಗಾಲ ಮಾತ್ರವಲ್ಲ, ಕಾಯಿದೆ ಮತ್ತು ಕೋರ್ಟಿನ ಆದೇಶಗಳೂ ಹೌದು.

ನೆನಪು ಮಾಡಿಕೊಳ್ಳಿ. ವೀರಪ್ಪನ್ ಬೇಟೆಯ ಕಾಲದಲ್ಲಿ ಈ ಕಾಡಂಚಿನ ಎಷ್ಟೋ ಜನ ಯಾವ ಕಾಯಿದೆಯಡಿ ತಮ್ಮನ್ನು ಹಿಡಿದಿದ್ದಾರೆಂದೇ ತಿಳಿಯದೆ ವರ್ಷಗಟ್ಟಲೆ ಜೈಲಿನಲ್ಲಿದ್ದರು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ನ್ಯಾಯಮೂರ್ತಿ ಸದಾಶಿವ ಅವರ ಸಮಿತಿಯನ್ನು ನೇಮಿಸಿತು. ಆ ಮೇಲೆ 2007ರಲ್ಲಿ 89 ಮಂದಿಗೆ 2 ಕೋಟಿ 80 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದಿತು. 2013ರಲ್ಲಿ ಸತ್ಯಮಂಗಲದ ಕಾಡು ಹುಲಿ ಮೀಸಲು ಪ್ರದೇಶವಾಯಿತು. 2022ರ ಫೆಬ್ರವರಿಯಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ ನಮ್ಮ 27 ತಿರುವಿನ ಘಟ್ಟದಲ್ಲಿ ರಾತ್ರಿ ಸಂಚಾರ ನಿಂತಿತು. ತರಕಾರಿ ಬೆಳೆಯುವವರು ಬೀದಿಗೆ ಬಂದರು, ಅರ್ಜಿ ಹಾಕಿದರು, ಆಮೇಲೆ ಕೋರ್ಟು ನಿಬಂಧನೆಗಳನ್ನು ಸಡಿಲಿಸಿತು. ನಮ್ಮ ಮನೆ ಮುಂದಿನ ರಸ್ತೆಯ ಮಾತು ಚೆನ್ನೈಯಲ್ಲಿ ಇಂಗ್ಲಿಷಿನಲ್ಲಿ ನಡೆಯಿತು. ಇಲ್ಲಿ ಅದನ್ನು ಓದಿ ಕನ್ನಡದಲ್ಲಿ ಬಿಡಿಸಿ ಹೇಳಬಲ್ಲವರು ಎಷ್ಟು ಜನ ಇದ್ದರು? ಬೆರಳು ಮಡಿಸಿ ಎಣಿಸಬಹುದಿತ್ತು.

ಹಾಗಾಗಿ ಕನ್ನಡ, ತಮಿಳು, ಇಂಗ್ಲಿಷು ಮೂರೂ ಬಲ್ಲ ವಕೀಲರು ಈ ಬೆಟ್ಟಕ್ಕೆ ಬೇಕು. ಸತ್ಯಮಂಗಲದ ಕೋರ್ಟಿನಲ್ಲಿ ತಮಿಳು, ಹೈಕೋರ್ಟಿನಲ್ಲಿ ಇಂಗ್ಲಿಷು, ಕಕ್ಷಿದಾರರ ಬಾಯಲ್ಲಿ ಕನ್ನಡ ಅಥವಾ ಸೋಲಿಗರ ನುಡಿ. ಈ ಮೂರನ್ನೂ ದಾಟಿ ಬರಬಲ್ಲ ಮಗು ಸಿಕ್ಕರೆ ನಮ್ಮಲ್ಲೇ ಸಿಗಬೇಕು. ಆ ಮಗು ಕಾನೂನು ಕಾಲೇಜಿನ ಬಾಗಿಲಿಗೆ ಹೋದಾಗ ಎದುರಾಗುವ ಪರೀಕ್ಷೆ ಯಾವುದು, ಎಲ್ಲಿ ಪರೀಕ್ಷೆಯೇ ಇಲ್ಲ, ನಮ್ಮ ಗಡಿ ಎಲ್ಲಿ ಅಡ್ಡ ಬರುತ್ತದೆ ಎನ್ನುವುದೇ ಈ ಹೊತ್ತಿನ ಮಾತು.

ಮೊದಲು ದೊಡ್ಡ ಪರೀಕ್ಷೆಯ ವಿಷಯ. ಪ್ಲಸ್ ಟೂ ಮುಗಿಸಿದವರು ನೇರವಾಗಿ ಸೇರಿ ಐದು ವರ್ಷದಲ್ಲಿ ಪದವಿ ಮತ್ತು ಎಲ್ಎಲ್.ಬಿ. ಎರಡನ್ನೂ ಪಡೆಯುವ ಪದ್ಧತಿಗೆ ಹೆಸರು ತಂದದ್ದು ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ. ಅದರ ಸ್ಥಾಪಕ ನಿರ್ದೇಶಕರು ಪ್ರೊ. ಎನ್.ಆರ್. ಮಾಧವ ಮೆನನ್. ಮೊದಲ ತಂಡ ಒಳಗೆ ಬಂದದ್ದು 1988ರಲ್ಲಿ. ಆಮೇಲೆ ಹೈದರಾಬಾದು, ಭೋಪಾಲ, ಕೋಲ್ಕತ್ತ ಎಂದು ಒಂದೊಂದಾಗಿ ಅಂಥ ವಿಶ್ವವಿದ್ಯಾಲಯಗಳು ಎದ್ದವು. ಪ್ರತಿಯೊಂದಕ್ಕೂ ಬೇರೆ ಅರ್ಜಿ, ಬೇರೆ ಶುಲ್ಕ, ಬೇರೆ ಪರೀಕ್ಷೆ. ಮಕ್ಕಳು ಒಂದು ಬೇಸಿಗೆಯಲ್ಲಿ ಊರೂರು ತಿರುಗಬೇಕಿತ್ತು. 2006ರಲ್ಲಿ ಒಬ್ಬ ವಿದ್ಯಾರ್ಥಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿ, ಇದೆಲ್ಲ ಒಂದೇ ಪರೀಕ್ಷೆ ಆಗಬಾರದೇಕೆ ಎಂದು ಕೇಳಿದ. ಮರುವರ್ಷ ಏಳು ವಿಶ್ವವಿದ್ಯಾಲಯಗಳು ಒಪ್ಪಂದ ಮಾಡಿಕೊಂಡವು. 2008ರ ಮೇ 11ರಂದು ಮೊದಲ ಸಾಮಾನ್ಯ ಕಾನೂನು ಪ್ರವೇಶ ಪರೀಕ್ಷೆ ನಡೆಯಿತು. ಇಂಗ್ಲಿಷಿನ ಮೊದಲ ಅಕ್ಷರಗಳನ್ನು ಕೂಡಿಸಿ ಅದನ್ನು ಕ್ಲ್ಯಾಟ್ ಎನ್ನುತ್ತಾರೆ. 2017ರಿಂದ ಅದನ್ನು ನೋಡಿಕೊಳ್ಳಲು ಈ ವಿಶ್ವವಿದ್ಯಾಲಯಗಳ ಒಕ್ಕೂಟವೇ ಇದೆ. ಈಗ ಇಪ್ಪತ್ತಕ್ಕೂ ಹೆಚ್ಚು ವಿಶ್ವವಿದ್ಯಾಲಯಗಳು ಇದರಲ್ಲಿವೆ. ದೆಹಲಿಯದು ಮಾತ್ರ ಮೊದಲಿನಿಂದಲೂ ಬೇರೆ ಪರೀಕ್ಷೆ.

ಪರೀಕ್ಷೆ ಎರಡು ಗಂಟೆ. 120 ಪ್ರಶ್ನೆ. ಇಂಗ್ಲಿಷು, ಪ್ರಚಲಿತ ವಿದ್ಯಮಾನ, ಕಾನೂನಿನ ತರ್ಕ, ಸಾಮಾನ್ಯ ತರ್ಕ, ಸ್ವಲ್ಪ ಲೆಕ್ಕ. ಸರಿ ಉತ್ತರಕ್ಕೆ ಒಂದು ಅಂಕ, ತಪ್ಪಿಗೆ ಕಾಲು ಅಂಕ ಕಡಿತ. ಹಿಂದೆ ಕಾಯಿದೆಯ ಬಿಡಿ ವಿಷಯಗಳನ್ನು ಬಾಯಿಪಾಠ ಮಾಡಿದವರಿಗೆ ಲಾಭವಿತ್ತು. 2020ರಿಂದ ಅದು ಬದಲಾಗಿದೆ. ಒಂದು ಉದ್ದನೆಯ ಪ್ಯಾರಾ ಕೊಡುತ್ತಾರೆ. ಅದನ್ನು ಓದಿ ಅದರ ಮೇಲಿನ ನಾಲ್ಕೈದು ಪ್ರಶ್ನೆಗಳಿಗೆ ಉತ್ತರಿಸಬೇಕು. ಕಾಯಿದೆ ಮೊದಲೇ ಗೊತ್ತಿರಬೇಕಾಗಿಲ್ಲ.

ಕಾನೂನಿನ ತರ್ಕ ಎಂದರೆ ಏನು ಎಂದು ಮಕ್ಕಳು ಹೆದರುತ್ತಾರೆ. ನಾನೇ ಒಂದು ಪ್ರಶ್ನೆ ಕಟ್ಟಿ ಹೇಳುತ್ತೇನೆ, ಕೇಳಿ. ನಿಯಮ ಹೀಗಿದೆ ಎಂದುಕೊಳ್ಳೋಣ: ಸಾಕಿದ ದನ ಬೇರೆಯವರ ಹೊಲಕ್ಕೆ ನುಗ್ಗಿ ಬೆಳೆ ಮೇಯ್ದರೆ ದನದ ಒಡೆಯನೇ ನಷ್ಟ ಕಟ್ಟಿಕೊಡಬೇಕು, ಹೊಲದ ಒಡೆಯ ತಾನಾಗಿ ಬೇಲಿ ತೆಗೆದಿದ್ದರೆ ಮಾತ್ರ ದನದವನಿಗೆ ಹೊಣೆಯಿಲ್ಲ. ಈಗ ಸಂಗತಿ. ರಾತ್ರಿ ಆನೆ ಬಂದು ಕೋಸಿನ ಹೊಲದ ಬೇಲಿ ಮುರಿದು ಹೋಯಿತು. ಬೆಳಗಾಗುವ ಮೊದಲೇ ಪಕ್ಕದ ಮನೆಯ ಎಮ್ಮೆ ಆ ಸಂದಿಯಲ್ಲಿ ನುಗ್ಗಿ ಎರಡು ಸಾಲು ಕೋಸು ತಿಂದುಹಾಕಿತು. ನಷ್ಟ ಯಾರದು?

ನಮ್ಮ ಜಗಲಿಯ ಮೇಲೆ ಇದನ್ನು ಇಟ್ಟರೆ ಹತ್ತು ಉತ್ತರ ಬರುತ್ತದೆ. ಆನೆಯದು ತಪ್ಪು, ಅರಣ್ಯ ಇಲಾಖೆ ಕೊಡಲಿ ಎನ್ನುತ್ತಾರೆ ಒಬ್ಬರು. ಎಮ್ಮೆಗೇನು ಗೊತ್ತು, ಅರ್ಧ ಅರ್ಧ ಹಾಕಿಕೊಳ್ಳಿ ಎನ್ನುತ್ತಾರೆ ಮತ್ತೊಬ್ಬರು. ಅಕ್ಕಪಕ್ಕದ ಮನೆಯವರು ನಾಳೆಯೂ ಮುಖ ನೋಡಬೇಕಲ್ಲ, ಬಿಟ್ಟುಬಿಡಿ ಎನ್ನುತ್ತಾಳೆ ಮನೆಯ ಅಜ್ಜಿ. ಪಂಚಾಯ್ತಿಗೆ ಅಜ್ಜಿಯ ಮಾತೇ ಒಳ್ಳೆಯದು. ಪರೀಕ್ಷೆಗೆ ಅಲ್ಲ. ಪರೀಕ್ಷೆಯಲ್ಲಿ ನಿಯಮದ ಒಳಗೇ ನಿಲ್ಲಬೇಕು. ಹೊಲದವನು ತಾನಾಗಿ ಬೇಲಿ ತೆಗೆದನೇ? ಇಲ್ಲ, ಆನೆ ಮುರಿಯಿತು. ಹಾಗಾದರೆ ವಿನಾಯಿತಿ ಇಲ್ಲ, ಎಮ್ಮೆಯವನೇ ಕೊಡಬೇಕು.

ಅದರ ಕೆಳಗೇ ಇನ್ನೊಂದು ಪ್ರಶ್ನೆ ಇರುತ್ತದೆ: ಬೇಲಿ ಮುರಿದದ್ದನ್ನು ಹೊಲದವನು ರಾತ್ರಿಯೇ ಕಂಡಿದ್ದ, ಆದರೂ ಸುಮ್ಮನೆ ಮಲಗಿದ, ಈಗ ಉತ್ತರ ಬದಲಾಗುತ್ತದೆಯೇ? ಇಲ್ಲಿ ಜಾಣ ಮಕ್ಕಳೂ ಜಾರುತ್ತಾರೆ. ಸೋಮಾರಿ ಹೊಲದವನ ಮೇಲೆ ನಮಗೆ ಸಿಟ್ಟು ಬರುತ್ತದೆ. ಆದರೆ ನಿಯಮ "ತೆಗೆದಿದ್ದರೆ" ಎಂದಿದೆಯೇ ಹೊರತು "ಸರಿಮಾಡದಿದ್ದರೆ" ಎಂದಿಲ್ಲ. ಉತ್ತರ ಅದೇ. ಇಷ್ಟೇ ಇದರ ಗುಟ್ಟು: ಬರೆದದ್ದನ್ನು ಓದು, ಬರೆಯದ್ದನ್ನು ಸೇರಿಸಬೇಡ. ಈ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿದರೆ ನಮ್ಮ ಎಂಟನೆಯ ತರಗತಿಯ ಹುಡುಗಿ ಸರಿಯಾಗಿ ಹೇಳುತ್ತಾಳೆ. ದನ, ಬೇಲಿ, ಸರಹದ್ದು, ಪಾಲು, ಸಾಲ, ಜಾಮೀನು ಇವುಗಳ ನಡುವೆಯೇ ಬೆಳೆದವಳಲ್ಲವೇ? ಕಾನೂನಿನ ಅಭಿರುಚಿ ನಮ್ಮಲ್ಲಿ ಇಲ್ಲ ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ.

ತೊಡಕು ಇರುವುದು ಭಾಷೆಯಲ್ಲಿ ಮತ್ತು ವೇಗದಲ್ಲಿ. ಅದೇ ಪ್ರಶ್ನೆ ಸುಮಾರು 450 ಇಂಗ್ಲಿಷ್ ಪದಗಳ ಪ್ಯಾರಾದಲ್ಲಿ, ಪತ್ರಿಕೆಯ ಸಂಪಾದಕೀಯದ ಮಾದರಿಯ ಬಿಗಿ ವಾಕ್ಯಗಳಲ್ಲಿ ಬರುತ್ತದೆ. ಸರಾಸರಿ ಒಂದು ಪ್ರಶ್ನೆಗೆ ಒಂದು ನಿಮಿಷ, ಓದುವುದೂ ಅದರಲ್ಲೇ. ಕನ್ನಡ ಮಾಧ್ಯಮದಲ್ಲೋ ತಮಿಳು ಮಾಧ್ಯಮದಲ್ಲೋ ಓದಿದ ಮಗು ಅದನ್ನು ಮನಸ್ಸಿನಲ್ಲಿ ಒಮ್ಮೆ ತನ್ನ ನುಡಿಗೆ ತಿರುಗಿಸಿ, ಯೋಚಿಸಿ, ಮತ್ತೆ ಇಂಗ್ಲಿಷಿಗೆ ಬರಬೇಕು. ಪಟ್ಟಣದ ಇಂಗ್ಲಿಷ್ ಶಾಲೆಯ ಮಗು ಒಂದೇ ಹೆಜ್ಜೆಯಲ್ಲಿ ದಾಟುವ ಕಾಲುವೆಯನ್ನು ಇದು ಮೂರು ಹೆಜ್ಜೆಯಲ್ಲಿ ದಾಟುತ್ತದೆ. ಗಡಿಯಾರ ಇಬ್ಬರಿಗೂ ಒಂದೇ.

ಇದು ಹೀಗೇ ಇರಬೇಕಾಗಿಲ್ಲ. ವೈದ್ಯಕೀಯಕ್ಕೆ ಹೋಗುವವರ ನೀಟ್ ಪರೀಕ್ಷೆಯನ್ನು ಕನ್ನಡ, ತಮಿಳು ಸೇರಿ 13 ಭಾಷೆಗಳಲ್ಲಿ ಬರೆಯಬಹುದು. ಮಹಾರಾಷ್ಟ್ರದ ಕಾನೂನು ಪ್ರವೇಶ ಪರೀಕ್ಷೆ ಮರಾಠಿಯಲ್ಲೂ ಇದೆ, ತೆಲಂಗಾಣದ್ದು ತೆಲುಗಿನಲ್ಲೂ ಉರ್ದುವಿನಲ್ಲೂ ಇದೆ. ಇನ್ನೂ ವಿಚಿತ್ರ ಕೇಳಿ. ಎಲ್ಎಲ್.ಬಿ. ಮುಗಿಸಿದವರು ವಕೀಲಿ ನಡೆಸಲು ಬರೆಯಬೇಕಾದ ಅಖಿಲ ಭಾರತ ವಕೀಲರ ಪರೀಕ್ಷೆ 2011ರಲ್ಲಿ ಮೊದಲ ಬಾರಿ ನಡೆದಾಗಲೇ ಕನ್ನಡದಲ್ಲೂ ತಮಿಳಿನಲ್ಲೂ ಇತ್ತು. ಅಂದರೆ ಹೊರಗೆ ಹೋಗುವ ಬಾಗಿಲಲ್ಲಿ ಕನ್ನಡ ಸಲ್ಲುತ್ತದೆ, ಒಳಗೆ ಬರುವ ಬಾಗಿಲಲ್ಲಿ ಸಲ್ಲುವುದಿಲ್ಲ! 2023ರಲ್ಲಿ ಈ ವಿಷಯ ದೆಹಲಿ ಹೈಕೋರ್ಟಿಗೆ ಹೋಯಿತು. ಭಾರತೀಯ ವಕೀಲರ ಪರಿಷತ್ತು ಪ್ರಾದೇಶಿಕ ಭಾಷೆಗಳ ಪರವಾಗಿ ನಿಂತಿತು. ಆದರೂ 2025ರ ಡಿಸೆಂಬರಿನ ಕ್ಲ್ಯಾಟ್ ಇಂಗ್ಲಿಷಿನಲ್ಲೇ ನಡೆದಿದೆ. ಹೈಕೋರ್ಟು, ಸುಪ್ರೀಂ ಕೋರ್ಟುಗಳ ವ್ಯವಹಾರ ಇಂಗ್ಲಿಷಿನಲ್ಲಿ ನಡೆಯುತ್ತದೆ, ಆದ್ದರಿಂದ ಇಂಗ್ಲಿಷ್ ಬೇಕು ಎನ್ನುತ್ತಾರೆ. ನಿಜವೇ. ಆದರೆ ಅದನ್ನು ಕಲಿಸಲು ಐದು ವರ್ಷ ಇದೆಯಲ್ಲ? ಕಲಿಯುವ ಮೊದಲೇ ಕಲಿತಿರಬೇಕು ಎನ್ನುವುದು ನನಗೆ ಸರಿ ಕಾಣುವುದಿಲ್ಲ.

ಹಾಗೆಂದು ಕೈಕಟ್ಟಿ ಕೂರುವಂತಿಲ್ಲ. ನಾನು ಓದಿದ್ದು ಎಸ್ಸೆಸ್ಸೆಲ್ಸಿಯವರೆಗೆ ಮಾತ್ರ. ನಮ್ಮ ಕಾಲದಲ್ಲಿ ಬ್ಯಾಂಕಿನ ಗುಮಾಸ್ತೆ ಕೆಲಸಕ್ಕೂ ಇಂಥದೇ ಪರೀಕ್ಷೆ ಇತ್ತು: ತರ್ಕ, ಲೆಕ್ಕ, ಇಂಗ್ಲಿಷು, ಗಡಿಯಾರ. ಬುದ್ಧಿಯ ಪರೀಕ್ಷೆ ಎಂದು ಅದಕ್ಕೆ ಹೆಸರು. ಬರೆದವರಿಗೆ ಗೊತ್ತು, ಅದರಲ್ಲಿ ಬುದ್ಧಿ ಅರ್ಧ, ರೂಢಿ ಅರ್ಧ. ಗಡಿಯಾರ ಇಟ್ಟುಕೊಂಡು ಮೂರು ತಿಂಗಳು ಹಳೆಯ ಪ್ರಶ್ನೆ ಬಿಡಿಸಿದವರ ಕೈ ತಾನಾಗಿ ಓಡುತ್ತಿತ್ತು. ಕ್ಲ್ಯಾಟ್‌ಗೂ ಅಷ್ಟೇ, ಆದರೆ ಇಲ್ಲಿ ಮೂರು ತಿಂಗಳು ಸಾಲದು. ಒಂಬತ್ತನೆಯ ತರಗತಿಯಿಂದಲೇ ದಿನಕ್ಕೆ ಒಂದು ಇಂಗ್ಲಿಷ್ ಸಂಪಾದಕೀಯವನ್ನು ಗಟ್ಟಿಯಾಗಿ ಓದಲಿ. ಓದಿ ಮುಗಿಸಿ ಪುಸ್ತಕ ಮಡಚಿ, ಬರೆದವರು ಏನು ಹೇಳಿದರು, ಅದಕ್ಕೆ ಏನು ಕಾರಣ ಕೊಟ್ಟರು ಎಂದು ಮನೆಯವರಿಗೆ ಕನ್ನಡದಲ್ಲಿ ಹೇಳಲಿ. ತಾಯಿಗೆ ಇಂಗ್ಲಿಷ್ ಬರಬೇಕಾಗಿಲ್ಲ. ತಾಯಿಗೆ ಅರ್ಥವಾಯಿತು ಎಂದರೆ ಮಗುವಿಗೆ ಅರ್ಥವಾಗಿದೆ ಎಂದೇ ಲೆಕ್ಕ. ಹಳೆಯ ಪ್ರಶ್ನೆಪತ್ರಿಕೆಗಳು ಒಕ್ಕೂಟದಿಂದಲೇ ಸಿಗುತ್ತವೆ.

ಕಾಲು ಅಂಕದ ಕಡಿತದ ವಿಷಯದಲ್ಲಿ ಒಂದು ಜಮಾ-ಖರ್ಚು ಹೇಳಿಬಿಡುತ್ತೇನೆ, ಹಳೆಯ ಅಭ್ಯಾಸ. ಪ್ರತಿ ಪ್ರಶ್ನೆಗೂ ನಾಲ್ಕು ಉತ್ತರ ಕೊಟ್ಟಿರುತ್ತಾರೆ. ನಾಲ್ಕು ಪ್ರಶ್ನೆಗೆ ಕಣ್ಣು ಮುಚ್ಚಿ ಗುರುತು ಹಾಕಿದರೆ ಸರಾಸರಿ ಒಂದು ಸರಿ, ಮೂರು ತಪ್ಪು. ಒಂದು ಜಮಾ, ಮುಕ್ಕಾಲು ಖರ್ಚು, ಉಳಿಕೆ ಕಾಲು. ಅದು ಅದೃಷ್ಟದ ಆಟ, ನಷ್ಟವೂ ಆಗಬಹುದು. ಆದರೆ ಒಂದು ಉತ್ತರವನ್ನಾದರೂ ಖಚಿತವಾಗಿ ತಳ್ಳಿಹಾಕಲು ಬಂದರೆ, ಅಂಥ ಮೂರು ಪ್ರಶ್ನೆಯಲ್ಲಿ ಸರಾಸರಿ ಒಂದು ಸರಿ, ಎರಡು ತಪ್ಪು. ಉಳಿಕೆ ಅರ್ಧ ಅಂಕ. ಒಂದನ್ನು ತಳ್ಳಲು ಬಂದರೆ ಬರೆಯಲಿ, ಏನೂ ತಿಳಿಯದಿದ್ದರೆ ಮುಂದೆ ಹೋಗಲಿ.

ತರಬೇತಿ ಕೇಂದ್ರಗಳ ಜಾಹೀರಾತು ನೋಡಿ ಜೀವ ಬಿಡಬೇಡಿ. ಬಡ ಮಕ್ಕಳಿಗೆ ಈ ಪರೀಕ್ಷೆ ದೂರವಾಗಿದೆ ಎಂದು ಕಂಡು 2010ರಲ್ಲಿ ಪ್ರೊ. ಶಮ್ನಾದ್ ಬಷೀರ್ ಅವರು ಐ.ಡಿ.ಐ.ಎ. ಎಂಬ ಸಂಸ್ಥೆ ಕಟ್ಟಿದರು. ಹಳ್ಳಿಯ, ಹಿಂದುಳಿದ, ಅಂಗವಿಕಲ ಮಕ್ಕಳನ್ನು ಹುಡುಕಿ ತರಬೇತಿ ಕೊಡಿಸುವುದು ಅದರ ಕೆಲಸ. ಬೆಂಗಳೂರಿನ ಕಾನೂನು ಶಾಲೆಯಲ್ಲೇ ಓದಿದ ಆ ಮನುಷ್ಯ 2019ರಲ್ಲಿ ಚಿಕ್ಕಮಗಳೂರಿನ ಕಡೆ ಅಕಾಲದಲ್ಲಿ ತೀರಿಕೊಂಡರು. ಸಂಸ್ಥೆ ನಡೆಯುತ್ತಿದೆ. ನಮ್ಮ ಹೈಸ್ಕೂಲಿನ ಮೇಷ್ಟ್ರುಗಳು ಅವರಿಗೆ ಒಂದು ಕಾಗದ ಬರೆದರೆ ಕೈ ಸವೆಯುವುದಿಲ್ಲ.

ಇನ್ನು ಗಡಿಯ ವಿಷಯ. ಎರಡು ರಾಜ್ಯದ ನಡುವೆ ಇರುವ ಮನೆಗಳಲ್ಲಿ ಲೆಕ್ಕ ತಪ್ಪುವುದು ಇಲ್ಲೇ.

1956ರಲ್ಲಿ ರಾಜ್ಯಗಳನ್ನು ಭಾಷೆಯ ಮೇಲೆ ಹಂಚಿದಾಗ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಮೈಸೂರಿಗೆ ಹೋಯಿತು, ತಾಳವಾಡಿ ಇಲ್ಲೇ ಉಳಿಯಿತು. ಆ ಗೆರೆ ಇಂದಿಗೂ ನಮ್ಮ ಮಕ್ಕಳ ಅರ್ಜಿಯ ಮೇಲೆ ಬೀಳುತ್ತದೆ. ಬೆಂಗಳೂರಿನ ಕಾನೂನು ಶಾಲೆ 2021ರಿಂದ ನೂರಕ್ಕೆ 25 ಸ್ಥಾನವನ್ನು ಕರ್ನಾಟಕದ ವಿದ್ಯಾರ್ಥಿಗಳಿಗೆ ಇಟ್ಟಿದೆ. ಸಂತೋಷ. ಆದರೆ ಅಲ್ಲಿ ಕರ್ನಾಟಕದ ವಿದ್ಯಾರ್ಥಿ ಎಂದರೆ ಕರ್ನಾಟಕದ ಶಾಲೆಗಳಲ್ಲಿ ಹತ್ತು ವರ್ಷಕ್ಕೆ ಕಡಿಮೆಯಿಲ್ಲದೆ ಓದಿದವರು. ಮನೆಮಾತು ಕನ್ನಡವೇ ಎಂದು ಯಾರೂ ಕೇಳುವುದಿಲ್ಲ. ದಿಂಬಂನಲ್ಲೋ ಆಸನೂರಿನಲ್ಲೋ ಕನ್ನಡದಲ್ಲೇ ಓದಿದ ಮಗುವಿಗೆ ಆ ಪಾಲು ಇಲ್ಲ. ಬೆಂಗಳೂರಿನಲ್ಲಿ ಹತ್ತು ವರ್ಷ ಇಂಗ್ಲಿಷ್ ಶಾಲೆಯಲ್ಲಿ ಓದಿ ಕನ್ನಡ ಬಾರದ ಮಗುವಿಗೆ ಇದೆ. ಪುಣಜನೂರು ಚೆಕ್‌ಪೋಸ್ಟಿನ ಆಚೆ ನೆಂಟರಿದ್ದಾರೆ, ಸೀಟು ಸಿಗುತ್ತದೆ ಎಂದು ನಂಬಿಕೊಂಡವರು ಇದನ್ನು ತಿಳಿಯಬೇಕು.

ಹಾಗೆಯೇ ಜಾತಿ ಪ್ರಮಾಣಪತ್ರ. ಸೋಲಿಗರು ಎರಡೂ ರಾಜ್ಯಗಳ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದ್ದಾರೆ. ಆದರೂ ಒಂದು ರಾಜ್ಯದ ಪಟ್ಟಿಯ ಸೌಲಭ್ಯವನ್ನು ಮತ್ತೊಂದು ರಾಜ್ಯಕ್ಕೆ ಹೊತ್ತುಕೊಂಡು ಹೋಗಲಾಗದು ಎಂದು 1990ರಲ್ಲೇ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ.

ಹಾಗಾದರೆ ನಮಗೆ ಯಾವ ಬಾಗಿಲು? ತಮಿಳುನಾಡಿನ ಬಾಗಿಲು, ಮತ್ತು ಅದು ಸಣ್ಣದಲ್ಲ. ತಿರುಚ್ಚಿಯಲ್ಲಿರುವ ತಮಿಳುನಾಡು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಕ್ಕೆ ಕ್ಲ್ಯಾಟ್ ಮೂಲಕವೇ ಸೇರಬೇಕು. ಅಲ್ಲಿ ಈ ರಾಜ್ಯದವರಿಗೆಂದು ಸ್ಥಾನಗಳಿವೆ. ಅದಕ್ಕಿಂತ ಮುಖ್ಯವಾಗಿ, ಡಾ. ಅಂಬೇಡ್ಕರ್ ಕಾನೂನು ವಿಶ್ವವಿದ್ಯಾಲಯದ ಕೆಳಗಿರುವ ಸರ್ಕಾರಿ ಕಾನೂನು ಕಾಲೇಜುಗಳಲ್ಲಿ ಐದು ವರ್ಷದ ಓದಿಗೆ ಪ್ರವೇಶ ಪರೀಕ್ಷೆಯೇ ಇಲ್ಲ. ಪ್ಲಸ್ ಟೂ ಅಂಕವೇ ಆಧಾರ. ಘಟ್ಟ ಇಳಿದರೆ ನಮಗೆ ಹತ್ತಿರದ್ದು ಕೊಯಮತ್ತೂರಿನದು. 2021ರಲ್ಲಿ ಆದ ಕಾಯಿದೆಯಂತೆ, ಆರನೆಯ ತರಗತಿಯಿಂದ ಹನ್ನೆರಡರವರೆಗೆ ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ಕಾನೂನು ಸೇರಿದಂತೆ ವೃತ್ತಿ ಶಿಕ್ಷಣದಲ್ಲಿ ನೂರಕ್ಕೆ ಏಳೂವರೆ ಸ್ಥಾನ ಪ್ರತ್ಯೇಕವಾಗಿದೆ. ಹಾಗೆ ಸೇರಿದವರ ಶುಲ್ಕವನ್ನೂ ಸರ್ಕಾರವೇ ಭರಿಸುತ್ತದೆ.

ಇಲ್ಲೇ ಒಂದು ಎಚ್ಚರ. ಹತ್ತನೆಯದು ಮುಗಿದೊಡನೆ ಪಿ.ಯು.ಸಿ.ಗೆ ಚಾಮರಾಜನಗರಕ್ಕೆ ಹಾಕುವ ರೂಢಿ ನಮ್ಮಲ್ಲಿದೆ. ಕನ್ನಡದ ಮೇಲಿನ ಪ್ರೀತಿಯಿಂದ ಹಾಕುತ್ತೇವೆ, ತಪ್ಪೆನ್ನಲಾರೆ. ಆದರೆ ಹಾಗೆ ಹೋದ ಮಗು ಇಲ್ಲಿಯ ಏಳೂವರೆ ಪಾಲನ್ನು ಕಳೆದುಕೊಳ್ಳುತ್ತದೆ. ಎರಡು ವರ್ಷದ ಓದಿನಿಂದ ಅಲ್ಲಿಯ ಹತ್ತು ವರ್ಷದ ಪಾಲೂ ಸಿಗುವುದಿಲ್ಲ. ಎರಡು ದೋಣಿಯಲ್ಲಿ ಕಾಲಿಟ್ಟಂತೆ. ಅಲ್ಲೇ ಓದಬೇಕೆಂದಿದ್ದರೂ ದಾರಿಯಿದೆ: ಹುಬ್ಬಳ್ಳಿಯಲ್ಲಿರುವ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕಾಲೇಜುಗಳು ಮೈಸೂರಿನಲ್ಲೂ ಇವೆ, ಅಲ್ಲಿಯೂ ಅಂಕದ ಮೇಲೆ ಪ್ರವೇಶ, ಪರೀಕ್ಷೆಯ ಉತ್ತರವನ್ನು ಕನ್ನಡದಲ್ಲೂ ಬರೆಯಬಹುದು. ಆದರೆ ಹತ್ತನೆಯದಾದ ಮೇಲೆ ಘಟ್ಟದ ಯಾವ ಕಡೆ ಇಳಿಯಬೇಕು ಎನ್ನುವುದನ್ನು ಲೆಕ್ಕ ಹಾಕಿ ತೀರ್ಮಾನಿಸಿ, ಬಸ್ ಯಾವುದು ಮೊದಲು ಬಂತು ಎಂದು ನೋಡಿ ಅಲ್ಲ.

ಹಣದ ಮಾತು. ಸರ್ಕಾರಿ ಕಾನೂನು ಕಾಲೇಜಿನ ಶುಲ್ಕ ವರ್ಷಕ್ಕೆ ಸಾವಿರಗಳಲ್ಲಿ, ರಾಷ್ಟ್ರೀಯ ವಿಶ್ವವಿದ್ಯಾಲಯಗಳದು ಲಕ್ಷಗಳಲ್ಲಿ. ಕ್ಲ್ಯಾಟ್ ಅರ್ಜಿಗೇ ಇತ್ತೀಚಿನ ವರ್ಷಗಳಲ್ಲಿ 4000 ರೂಪಾಯಿ. ಪರಿಶಿಷ್ಟರಿಗೂ ಬಡತನದ ರೇಖೆಯ ಕೆಳಗಿನವರಿಗೂ 3500. ಕೂಲಿ ಮನೆಗೆ ಇದು ಹೊರೆಯೇ. ಸೀಟು ಸಿಕ್ಕಿತು ಎಂದು ಹೊಲದ ಪತ್ರ ಹಿಡಿದು ಲೇವಾದೇವಿಯವರ ಮನೆಗೆ ಓಡಬೇಡಿ. ಬ್ಯಾಂಕಿನ ಶಿಕ್ಷಣ ಸಾಲದ ಯೋಜನೆಯಲ್ಲಿ 4 ಲಕ್ಷದವರೆಗೆ ಆಸ್ತಿ ಅಡಮಾನ ಕೇಳುವುದಿಲ್ಲ, 7.5 ಲಕ್ಷದವರೆಗೆ ಸರ್ಕಾರದ ಖಾತರಿ ನಿಧಿ ಇದೆ. ಕೌಂಟರಿನಲ್ಲಿ ಕೂತವರು ಆಗುವುದಿಲ್ಲ ಎಂದು ಬಾಯಿಮಾತಿನಲ್ಲಿ ಹೇಳಿದರೆ, ಅರ್ಜಿ ತೆಗೆದುಕೊಂಡು ಕಾರಣವನ್ನು ಬರೆದುಕೊಡಿ ಎಂದು ಕೇಳಿ. ಕೌಂಟರಿನ ಆಚೆ ಬದಿಯಲ್ಲಿ ಬಹಳ ವರ್ಷ ಕೂತವನ ಮಾತಿದು. ಬರೆದುಕೊಡಿ ಎಂದ ಕೂಡಲೇ ಎಷ್ಟೋ ಕಡತಗಳಿಗೆ ಕಾಲು ಬರುತ್ತದೆ.

ಕೊನೆಯದಾಗಿ ತಾರೀಖು ಮತ್ತು ಕಾಗದಪತ್ರ. 2023ರಿಂದ ಮೂರು ವರ್ಷವೂ ಕ್ಲ್ಯಾಟ್ ನಡೆದದ್ದು ಡಿಸೆಂಬರ್ ತಿಂಗಳ ಮೊದಲ ಭಾನುವಾರ, ಮಧ್ಯಾಹ್ನ ಎರಡರಿಂದ ನಾಲ್ಕು. ಅರ್ಜಿ ಅದಕ್ಕೆ ತಿಂಗಳುಗಳ ಮೊದಲೇ, ಮಗು ಇನ್ನೂ ಪ್ಲಸ್ ಟೂ ಓದುತ್ತಿರುವಾಗಲೇ ಹಾಕಬೇಕು. ಫಲಿತಾಂಶ ಬರಲಿ ಎಂದು ಮೇ ತಿಂಗಳವರೆಗೆ ಕಾದರೆ ಆ ವರ್ಷದ ಕ್ಲ್ಯಾಟ್ ಮುಗಿದೇ ಹೋಗಿರುತ್ತದೆ. ಸರ್ಕಾರಿ ಕಾಲೇಜುಗಳ ಅರ್ಜಿ ಮಾತ್ರ ಪ್ಲಸ್ ಟೂ ಫಲಿತಾಂಶದ ನಂತರ. ಜಾತಿ, ಆದಾಯ, ವಾಸಸ್ಥಳದ ಪ್ರಮಾಣಪತ್ರಗಳನ್ನು ಇ-ಸೇವೆ ಕೇಂದ್ರದಲ್ಲಿ ಮೊದಲೇ ಮಾಡಿಸಿಡಿ. ಮಗುವಿನ ಹೆಸರು, ತಂದೆಯ ಹೆಸರಿನ ಮೊದಲ ಅಕ್ಷರ ಎಲ್ಲ ಕಾಗದದಲ್ಲೂ ಒಂದೇ ರೀತಿ ಇದೆಯೇ ನೋಡಿ. ಕನ್ನಡದ ಹೆಸರನ್ನು ತಮಿಳಿನಲ್ಲಿ ಬರೆದು ಅಲ್ಲಿಂದ ಇಂಗ್ಲಿಷಿಗೆ ತಿರುಗಿಸಿದಾಗ ಗಕಾರ ಕಕಾರವಾಗಿ, ಬಕಾರ ಪಕಾರವಾಗಿ ಬಂದಿರುತ್ತದೆ. ಅದನ್ನು ತಿದ್ದಿಸಲು ಹತ್ತನೆಯ ತರಗತಿಯ ಅಂಕಪಟ್ಟಿ ಅಚ್ಚಾಗುವ ಮೊದಲೇ ಹೆಡ್‌ಮಾಸ್ಟರ ಬಳಿ ಹೋಗಬೇಕು.